ಚರ್ಪು ಸಾಲದೆ ಹೋದ ಸಂಜೆ

ಹೋದ ತಿಂಗಳು ಇಬ್ಬರು ಹುಡುಗಿಯರು ನಮ್ಮ ಮನೆಗೆ ಬಂದಿದ್ದರು. ಬೋಗಾದಿಯಲ್ಲಿ ರೂಮು ಮಾಡಿಕೊಂಡು ಪತ್ರಿಕೋದ್ಯಮ ಓದುತ್ತಿರುವವರು. ಮೈಸೂರಿನ ತಿಂಡಿ, ತಿರುಗಾಟ, ಹಬ್ಬ ಹರಿದಿನಗಳ ಬಗ್ಗೆ ಬರೆದುಕೊಂಡೇ ಬದುಕಬೇಕೆಂದು ಅವರಿಗೆ ಆಸೆ. “ಆಂಟಿ, ನೀವು ಯಾವ ಪೇಪರಿಗೂ ಕೆಲಸಕ್ಕೆ ಸೇರದೆ ಇಷ್ಟು ವರ್ಷ ಇದನ್ನೇ ಮಾಡಿದ್ರಂತಲ್ಲ, ಹೆಂಗೆ ಅಂತ ಸ್ವಲ್ಪ ಹೇಳಿ” ಎಂದರು. ನಾನು ಕಾಫಿ ಕೊಟ್ಟೆ. ಒಬ್ಬಳು ಲೋಟವನ್ನು ಕಿಟಕಿಯ ಹತ್ತಿರ ಇಟ್ಟು, ತಿರುಗಿಸಿ, ಪಕ್ಕದಲ್ಲಿ ಒಂದು ಹೂವು ಇಟ್ಟು ಫೋಟೊ ತೆಗೆದಳು. ಅಷ್ಟರಲ್ಲಿ ಕಾಫಿ ಆರಿ ಕೆನೆ ಕಟ್ಟಿತ್ತು. “ಮೊದಲನೇ ಪಾಠ ಇದೇ ಕಣಮ್ಮ, ಬಿಸಿ ಇದ್ದಾಗ ಕುಡಿ” ಎಂದೆ. ಇಬ್ಬರೂ ನಕ್ಕರು, ಆದರೆ ಅದನ್ನೂ ಫೋನಿನಲ್ಲಿ ಬರೆದುಕೊಂಡರು. ಅವರು ಹೋದ ಮೇಲೆ ಬಾಯಿಮಾತಿನಲ್ಲಿ ಹೇಳಿದ್ದು ಸಾಲದು ಅನ್ನಿಸಿತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಹುಟ್ಟಿದ್ದು ಹಿನಕಲ್‌ನಲ್ಲಿ, ಅದಿನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಜಾಗದಲ್ಲಿ ಈಗ ಮದುವೆ ಛತ್ರವಿದೆ. ಅಲ್ಲಿನ ಊಟದ ಬಗ್ಗೆ ಬರೆಯಲೆಂದು ಒಮ್ಮೆ ಹೋಗಿದ್ದೆ. ಎಲೆ ಮುಂದೆ ಕೂತವಳು ಇದು ನಮ್ಮ ಹೊಲದ ಯಾವ ಮೂಲೆ ಎಂದು ಅಂದಾಜು ಮಾಡುತ್ತಾ ಮಾಡುತ್ತಾ ಪಾಯಸ ಬಂದದ್ದೂ ತಿಳಿಯದೆ ಎದ್ದುಬಿಟ್ಟೆ. ಪಾಯಸದ ಬಗ್ಗೆ ಏನೂ ಬರೆಯದ ಏಕೈಕ ಮದುವೆ ಊಟದ ಲೇಖನ ಅದು. ಛತ್ರದವರು ಪಾಯಸ ಚೆನ್ನಾಗಿರಲಿಲ್ಲವೇನೋ ಎಂದು ಅಡುಗೆಯವರನ್ನೇ ಬದಲಾಯಿಸಿದರಂತೆ.

ನಾನು ಯಾರ ಸಂಬಳದಲ್ಲೂ ಇದ್ದವಳಲ್ಲ. ಬರೆದದ್ದು ಒಪ್ಪಿಗೆಯಾದರೆ ಅಚ್ಚಾಗುತ್ತಿತ್ತು, ಇಲ್ಲದಿದ್ದರೆ ಮನೆಗೆ ವಾಪಸು. ಕಚೇರಿ ಇಲ್ಲ, ಕುರ್ಚಿ ಇಲ್ಲ, ಕುತ್ತಿಗೆಗೆ ನೇತುಹಾಕಿಕೊಳ್ಳುವ ಗುರುತಿನ ಚೀಟಿಯೂ ಇಲ್ಲ. ಇನ್ನೊಬ್ಬರ ಅಡುಗೆಮನೆಗೆ ನುಗ್ಗಿ ಒಗ್ಗರಣೆಗೆ ಏನು ಹಾಕಿದಿರಿ ಎಂದು ಕೇಳುವ ಹಕ್ಕು ನನಗೆ ಯಾರೂ ಕೊಟ್ಟಿರಲಿಲ್ಲ. ಅವರು ಬಾಗಿಲು ತೆಗೆದು “ಬಾಮ್ಮ ಒಳಕ್ಕೆ” ಎಂದರೆ ಮಾತ್ರ ನನ್ನ ಕಸುಬು ನಡೆಯುತ್ತಿತ್ತು. ಹಾಗೆ ತೆರೆದ ಬಾಗಿಲುಗಳು ಮೈಸೂರಿನಲ್ಲಿ ಬೇಕಾದಷ್ಟಿದ್ದವು. ಅದರಲ್ಲಿ ಒಂದು, ನನಗೆ ಬಹಳ ಬೇಕಾದ ಬಾಗಿಲು, ಪೇಪರಿನಲ್ಲಿ ಬಂದ ಎರಡೇ ಸಾಲಿನಿಂದ ಶಾಶ್ವತವಾಗಿ ಮುಚ್ಚಿಹೋಗುತ್ತದೆಂದು ನಡುಗಿದ ಸಂಜೆಯೊಂದಿದೆ. ಅದನ್ನು ಹೇಳಲಿಕ್ಕೇ ಇಷ್ಟೆಲ್ಲ ಪೀಠಿಕೆ. ಆದರೆ ಅದಕ್ಕೆ ಮೊದಲು ಕೆಲಸ ಕಲಿತದ್ದು ಹೇಗೆಂದು ಸ್ವಲ್ಪ ಹೇಳಬೇಕು.

ನನ್ನ ಮೊದಲ ಸಂಪಾದಕರಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಹೆಂಡತಿಯ ಕಟ್ಟುನಿಟ್ಟು, ಆಫೀಸಿನಲ್ಲಿ ಡಬ್ಬಿಯೊಳಗೆ ಎರಡು ಒಣ ಚಪಾತಿ. ನಾನು ಹಾಳೆಯಲ್ಲಿ ಬರೆದುಕೊಂಡು ಹೋದ ಲೇಖನವನ್ನು ಅವರು ಓದುತ್ತಿರಲಿಲ್ಲ. ಕಣ್ಣು ಮುಚ್ಚಿ ಕುರ್ಚಿಗೆ ಒರಗಿ, “ಓದಿ” ಎನ್ನುತ್ತಿದ್ದರು. ನಾನು ಓದುತ್ತಾ ಅವರ ಗಂಟಲನ್ನೇ ನೋಡಬೇಕು. ಗಂಟಲು ಆಡಿದರೆ ಲೇಖನ ಪಾಸು. ಒಮ್ಮೆ ಮೈಸೂರು ಪಾಕಿನ ಬಗ್ಗೆ ಬರೆದುಕೊಂಡು ಹೋಗಿದ್ದೆ. “ಬಾಯಿಗಿಟ್ಟರೆ ಸ್ವರ್ಗ” ಎಂದು ಓದಿದ ಕೂಡಲೇ ಕಣ್ಣು ಬಿಟ್ಟರು.

“ಜಯಮ್ಮ, ಇಲ್ಲೀವರ್ಗೂ ಬಾಯಲ್ಲಿ ನೀರಿತ್ತು. ಸ್ವರ್ಗ ಅಂದ್ರಲ್ಲ, ಒಣಗೋಯ್ತು. ಅದೇನು ಹಲ್ಲಿಗೆ ಅಂಟ್ತಾ, ಮೂಗಿಗೆ ತುಪ್ಪದ ವಾಸನೆ ಬಂತಾ, ಕೈ ಜಿಡ್ಡಾಯ್ತಾ, ಅದನ್ನ ಹೇಳಿ ನಂಗೆ. ಸ್ವರ್ಗಕ್ಕೆ ನಾನು ಹೆಂಗೂ ಬೇಗ ಹೋಯ್ತೀನಿ.”

ಅವರು ಕೂತಲ್ಲೇ ತಿನ್ನುತ್ತಿದ್ದ ಮೈಸೂರು ಪಾಕು ನನ್ನ ಮಾತಿನದು ಮಾತ್ರ. ಅದನ್ನು ಕಲಬೆರಕೆ ಮಾಡುವುದು ಪಾಪ ಎಂದು ನನಗೆ ಅನ್ನಿಸಿಬಿಟ್ಟಿತು. ಅವರು ಇರುವವರೆಗೂ ಮತ್ತೆ ಸ್ವರ್ಗ ಎಂಬ ಪದ ನನ್ನ ಲೇಖನದಲ್ಲಿ ಕಾಣಿಸಲಿಲ್ಲ. ಅವರನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಇನ್ನು ಎಲ್ಲಿ ತಿನ್ನಬೇಕೆಂದು ಗೊತ್ತಾಗುತ್ತಿದ್ದುದು ನಮ್ಮನೆಯವರಿಂದ. ಅವರದು ಮೋಟಾರು ರಿಪೇರಿ ಅಂಗಡಿ. ಊರಿನ ಅರ್ಧ ಹೋಟೆಲುಗಳ ಗ್ರೈಂಡರು ಅವರ ಕೈಯಲ್ಲೇ ಹಾದುಹೋಗುತ್ತಿದ್ದವು. ಊಟ ತಿಂಡಿಯ ಬಗ್ಗೆ ಅವರಿಗೆ ಇದ್ದ ಮಾತು ಒಂದೇ, “ಪರ್ವಾಗಿಲ್ಲ.” ನಾನು ಮಾಡಿದ್ದಕ್ಕೂ ಅದೇ, ಅರಮನೆಯ ಅಡುಗೆಯವರ ವಂಶಸ್ಥರು ಮಾಡಿದ್ದಕ್ಕೂ ಅದೇ. ಆದರೆ ಗ್ರೈಂಡರಿನ ವಿಷಯದಲ್ಲಿ ಅವರು ಬಾಯಿ ಬಿಟ್ಟರೆ ನಾನು ಕಿವಿಯಾಗುತ್ತಿದ್ದೆ. “ಆ ಹೋಟ್ಲೋರು ದಿನಾ ರುಬ್ತಾರೆ ಕಣೆ, ಬೆಲ್ಟು ಸವ್ದೋಗದೆ. ಈ ಹೋಟ್ಲು ಗ್ರೈಂಡರ್ ವರ್ಷದಿಂದ ಕೆಟ್ಟೇ ಇಲ್ಲ, ಹಿಟ್ಟು ಪ್ಯಾಕೆಟ್ಟಲ್ಲಿ ಬರ್ತದೆ” ಎನ್ನುತ್ತಿದ್ದರು. ಹೆಸರುವಾಸಿ ಹೋಟೆಲು ಬಿಟ್ಟು ಬೆಲ್ಟು ಸವೆದ ಹೋಟೆಲು ಹುಡುಕಿಕೊಂಡು ಹೋದದ್ದರಿಂದಲೇ ನನಗೆ ಹೆಸರು ಬಂತು. ಗುಟ್ಟು ಏನೆಂದು ಬಹಳ ಜನ ಕೇಳಿದರು, ನಾನು ಹೇಳಲಿಲ್ಲ. ಈಗ ಹೇಳಿದ್ದೇನೆ.

ಎಡವಟ್ಟುಗಳೂ ಆದವು. ಒಂದು ಸಣ್ಣ ಹೋಟೆಲಿನ ಪೂರಿ ಸಾಗು ತಿಂದು ಹಾಡಿ ಹೊಗಳಿ ಬರೆದೆ. ಮುಂದಿನ ವಾರ ಹೋಟೆಲಿನ ಯಜಮಾನ ಬೆಳಬೆಳಿಗ್ಗೆಯೇ ನಮ್ಮ ಮನೆ ಬಾಗಿಲಿಗೆ ಬಂದ. ನೋಡಿದರೆ ನಾನು ಹೋದ ದಿನ ಅಡುಗೆಯವನು ರಜ. ಊರಿಂದ ಮಗನನ್ನು ನೋಡಲು ಬಂದಿದ್ದ ಯಜಮಾನನ ತಾಯಿ ಅವತ್ತೊಂದು ದಿನ ಸಾಗು ಮಾಡಿದ್ದರು. ಮಾಡಿ ಸಂಜೆ ಬಸ್ಸಿಗೆ ಊರಿಗೆ ಹೋಗಿದ್ದರು. “ಜನ ಪೇಪರ್ ಹಿಡ್ಕೊಂಡು ಬಂದು, ಇದಲ್ಲ ಕಣ್ರೀ ಅದು ಕೊಡಿ ಅಂತವ್ರೆ. ನಮ್ಮವ್ವ ನಾ ಕರುದ್ರೆ ಬರಕಿಲ್ಲ, ಹಸ ಕರೆಯೋರು ಯಾರು ಅಂತದೆ. ನೀವೇ ಬಂದು ಹೇಳ್ಬೇಕು” ಎಂದ. ನಾನು ಹೋಗಿ ಕರೆದೆ. ಆಕೆ ಹಸುವಿನ ಸಮೇತ ಬಂದರು. ಆ ಹೋಟೆಲು ಆಮೇಲೆ ಚೆನ್ನಾಗಿ ನಡೆಯಿತು. ಅವತ್ತಿನಿಂದ ನಾನು ಯಾವ ಜಾಗಕ್ಕೇ ಆಗಲಿ ಬೇರೆ ಬೇರೆ ದಿನ ಎರಡು ಸಲ ಹೋಗದೆ ಬರೆದವಳಲ್ಲ.

ಕಾಲ ಬದಲಾಯಿತು. ಹಾಳೆ ಹಿಡಿದುಕೊಂಡು ಸಿಟಿ ಬಸ್ಸು ಹತ್ತುವುದು ನಿಂತು, ಸೈಬರ್ ಸೆಂಟರಿನ ಹುಡುಗಿಗೆ ಹೇಳಿ ಟೈಪು ಮಾಡಿಸುವುದು ಬಂತು. ಆಮೇಲೆ ಫೋನಿನಲ್ಲೇ ಬರೆದು ವಾಟ್ಸಾಪಿನಲ್ಲಿ ಕಳಿಸುವುದು. ಪುರವಣಿ ನೋಡಿಕೊಳ್ಳುವವರ ಮುಖ ನೋಡದೆಯೇ ವರ್ಷಗಳು ಕಳೆಯುತ್ತಿದ್ದವು. ಗಂಟಲು ಆಡಿತೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇಲ್ಲ, ಎರಡು ನೀಲಿ ಗೆರೆ ಬಂದರೆ ಓದಿದರೆಂದು ಅರ್ಥ. ಈ ಕಾಲದಲ್ಲೇ ಪುರವಣಿಗೆ ಬಸವರಾಜ ಎಂಬ ಹುಡುಗ ಬಂದ. ವಿಜಯಪುರದ ಕಡೆಯವನು. ಬಂದ ಹೊಸದರಲ್ಲಿ ಒಂದು ಸಲ ಫೋನು ಮಾಡಿ, “ಮೇಡಂ, ನಿಮ್ಮ ಬರಹ ಓದಿ ಹಸಿವಾತ್ರಿ” ಎಂದ. ಅಷ್ಟೇ ಸಾಕಾಯಿತು, ನನಗೆ ಅವನು ಹಿಡಿಸಿಬಿಟ್ಟ. ಮೈಸೂರಿನಲ್ಲಿ ಅವನಿಗೆ ಅದು ಮೊದಲ ದಸರಾ.

ಆ ದಸರಾದಲ್ಲೇ ಆದದ್ದು ಸಾವಿತ್ರಮ್ಮನವರ ಮನೆಯ ಕಥೆ.

ಸಾವಿತ್ರಮ್ಮ ಸಿದ್ಧಾರ್ಥನಗರದವರು. ನನ್ನ ರವಿಕೆಗಳನ್ನೆಲ್ಲ ಹೊಲಿದವರು ಅವರೇ. ನಾನು ತಿರುಗಿ ತಿಂದು ದಪ್ಪಗಾದದ್ದನ್ನು ಮೊದಲು ಕಂಡುಹಿಡಿಯುತ್ತಿದ್ದವರೂ ಅವರೇ. ಟೇಪು ಸುತ್ತಿ, “ಈ ತಿಂಗ್ಳು ಜಾಸ್ತಿ ಬರ್ದಂಗದೆ” ಎನ್ನುತ್ತಿದ್ದರು. ನಂಜನಗೂಡಿನ ಕಡೆಯ ರೈತರ ಮನೆಯ ಹೆಣ್ಣುಮಗಳು. ಚಿಕ್ಕಂದಿನಲ್ಲಿ ದಸರಾ ರಜೆಗೆ ಮೈಸೂರಿನ ಸೋದರತ್ತೆಯ ಮನೆಗೆ ಬಂದಾಗ ಕೇರಿಯ ಮಕ್ಕಳ ಜೊತೆ ಮನೆ ಮನೆ ಬಾಗಿಲಿಗೆ ಹೋಗಿ “ಗೊಂಬೆ ಕೂರ್ಸಿದ್ದೀರಾ” ಎಂದು ಕೇಳಿದವರು. ಒಳಗೆ ಕರೆದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಗೊಂಬೆಗಳನ್ನು ನೋಡುವುದು, ಒಂದು ಹಾಡು ಹೇಳುವುದು, ಕೈಚಾಚುವುದು. ಕೈಗೆ ಬೀಳುವ ತಿಂಡಿಯೇ ಚರ್ಪು. ಒಂದು ದಿನ ಕಡಲೆಕಾಳಿನ ಉಸ್ಲಿ, ಒಂದು ದಿನ ಕೊಬ್ಬರಿ ಸಕ್ಕರೆ, ಒಂದು ದಿನ ರವೆ ಉಂಡೆ. ಗೊಂಬೆ ನೋಡಲು ಬಂದವರನ್ನು ಬರಿಗೈಯಲ್ಲಿ ಕಳಿಸುವ ಮನೆ ಮೈಸೂರಿನಲ್ಲಿ ಇರಲಿಲ್ಲ. ಅದೂ ಚಿಟಿಕೆ ಕೊಟ್ಟರೆ ಆಗದು, ಮುಷ್ಟಿ ತುಂಬಬೇಕು.

ಸಾವಿತ್ರಮ್ಮನ ತವರಲ್ಲಿ ಗೊಂಬೆ ಇರಲಿಲ್ಲ, ಗಂಡನ ಮನೆಯಲ್ಲೂ ಇರಲಿಲ್ಲ. ಹೊಲಿಗೆಯಲ್ಲಿ ಬಂದದ್ದರಲ್ಲಿ ಉಳಿಸಿ ರಾಜ ರಾಣಿಯ ಒಂದು ಜೊತೆ ಪಟ್ಟದ ಗೊಂಬೆ ಕೊಂಡು ಶುರು ಮಾಡಿದವರು, ವರ್ಷಕ್ಕೊಂದೆರಡು ಸೇರಿಸುತ್ತಾ ಗೋಡೆಯುದ್ದಕ್ಕೂ ಮೆಟ್ಟಿಲು ಕಟ್ಟಿದ್ದರು. ಗೊಂಬೆಗಳ ಬಟ್ಟೆಯೆಲ್ಲ ಅವರದೇ ಹೊಲಿಗೆ. ಗಿರಾಕಿಗಳ ರೇಷ್ಮೆ ರವಿಕೆಯ ಚೂರುಗಳಲ್ಲಿ ಆಸ್ಥಾನದವರೆಲ್ಲ ಮೆರೆಯುತ್ತಿದ್ದರು. ದಿವಾನರ ಪೇಟ ನನ್ನ ಮಗಳ ಮದುವೆಯ ರವಿಕೆಯದ್ದು.

ಆ ವರ್ಷ ರವಿಕೆ ಕೊಡಲು ಹೋದಾಗ ಸಾವಿತ್ರಮ್ಮ ಸಪ್ಪಗಿದ್ದರು. “ಈ ಸಲ ಇಟ್ಟು ಮುಗಿಸ್ಬುಡ್ತೀನಿ ಕಣವ್ವ. ಮಕ್ಳು ಬರದೇ ನಿಂತೋಯ್ತು. ಹೋದ ವರ್ಷ ಒಂದೊಂದಿನ ಒಂದು ಮಗೂನೂ ಇಲ್ಲ. ಮಾಡಿದ್ ಚರ್ಪ ನಾನೂ ನಮ್ಮನೆಯವ್ರೂ ಕೂತ್ಕಂಡು ತಿಂದೋ. ನೋಡೋರಿಲ್ದ ಮ್ಯಾಲೆ ಗೊಂಬೆ ಯಾಕೆ? ಹಬ್ಬ ಮುಗುದ್ ಮೇಲೆ ಯಾವ್ದಾರ ಸ್ಕೂಲಿಗೆ ಕೊಟ್ಬುಡ್ತೀನಿ” ಎಂದರು.

ಬೇಡ ಎನ್ನಲು ನಾನು ಯಾರು? ನನಗೆ ಬರುವುದು ಬರೆಯುವುದೊಂದೇ. ಮನೆಗೆ ಹೋದವಳೇ ಗೊಂಬೆ ಚರ್ಪಿನ ಬಗ್ಗೆ ಬರೆದೆ. ಸಾವಿತ್ರಮ್ಮ ಎಂಬ ಹೆಸರು ಹಾಕಿದೆ, ವಿಳಾಸ ಹಾಕಲಿಲ್ಲ. ಹೋಟೆಲಿನ ವಿಳಾಸ ಹಾಕಬಹುದು, ಮನೆಯದ್ದು ಹಾಕಬಾರದು ಎಂಬುದು ನನ್ನ ಪದ್ಧತಿ. ಓದಿದ ಬಸವರಾಜ ಫೋನು ಮಾಡಿದ. “ಕಣ್ಣಾಗ ನೀರು ಬಂತ್ರಿ ಮೇಡಂ. ಎಲ್ಲೈತ್ರಿ ಈ ಮನಿ?” ಪಾಪ, ನೋಡಲು ಹೋಗುತ್ತಾನೇನೋ ಎಂದುಕೊಂಡು ಸಿದ್ಧಾರ್ಥನಗರ, ಪಾರ್ಕಿನ ಎದುರು, ಹಸಿರು ಗೇಟು ಎಂದು ಹೇಳಿದೆ. ಅವನು ನಿಜವಾಗಿಯೂ ಒಳ್ಳೆಯದನ್ನೇ ಎಣಿಸಿದ್ದ. ಮಕ್ಕಳು ಬರುವುದಿಲ್ಲ ಎಂದು ತಾನೇ ಆಕೆಗೆ ದುಃಖ, ನಾವೇ ಕರೆದರಾಯಿತು ಎಂದುಕೊಂಡ. ಲೇಖನದ ಕೊನೆಗೆ ಬಾಕ್ಸು ಕಟ್ಟಿ, ಹಸಿರು ಗೇಟಿನ ಸಮೇತ ವಿಳಾಸ ಹಾಕಿ, “ಇಂದು ಸಂಜೆ ಬನ್ನಿ, ಎಲ್ಲರಿಗೂ ಸ್ವಾಗತ, ಚರ್ಪು ಉಂಟು” ಎಂದು ಅಚ್ಚು ಮಾಡಿಸಿದ. ಚರ್ಪು ಎಂದರೆ ಗುಡಿಯ ಪ್ರಸಾದದ ಹಾಗೆ, ಎಷ್ಟು ಜನ ಬಂದರೂ ಒಂದೊಂದು ಕಾಳು ಕೈಗಿಟ್ಟರೆ ಮುಗಿಯಿತು ಎಂದು ಅವನ ತಿಳಿವಳಿಕೆ.

ಅಚ್ಚಾದ ಲೇಖನವನ್ನು ಆ ದಿನವೇ ನೋಡುವ ಅಭ್ಯಾಸ ನನಗಿಲ್ಲ. ನೋಡಿದರೆ ತಪ್ಪು ಕಂಡು ಊಟ ಸೇರುವುದಿಲ್ಲ. ಅವತ್ತು ಬೇರೊಂದು ಬರಹಕ್ಕೆಂದು ಶ್ರೀರಂಗಪಟ್ಟಣದ ಕಡೆ ಹೋಗಿ ಮಧ್ಯಾಹ್ನ ಕಳೆದು ಮನೆಗೆ ಬಂದು ಕಾಲು ಚಾಚಿದ್ದೆ. ಬಸವರಾಜನ ಫೋನು ಬಂತು. ದನಿಯಲ್ಲಿ ಹಬ್ಬ.

“ಮೇಡಂ, ಆಫೀಸಿಗೆ ಫೋನ್ ಮ್ಯಾಲ ಫೋನ್ ಬರಾಕತ್ತಾವ್ರಿ. ಹಸಿರು ಗೇಟು ಪಾರ್ಕಿನ ಯಾವ ಬದಿ ಅಂತ ಕೇಳಾಕತ್ತಾರ. ಏನ್ ಹೇಳ್ಲಿ?”

ಹಸಿರು ಗೇಟು ಪೇಪರಿಗೆ ಹೋಗಿದೆಯೆಂದು ನನಗೆ ತಿಳಿದದ್ದೇ ಆಗ. ನಮ್ಮನೆಯವರನ್ನು ಅಂಗಡಿಯಿಂದ ಕರೆಸಿಕೊಂಡು ಸ್ಕೂಟರು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಹೊಂದಿಸಿಕೊಂಡೆ, ಒಂದೂ ಹೊಂದಲಿಲ್ಲ. ಪಾರ್ಕಿನ ತಿರುವಿನಲ್ಲೇ ಗೊತ್ತಾಯಿತು. ಹಸಿರು ಗೇಟಿನಿಂದ ರಸ್ತೆಯವರೆಗೆ ಜನ. ಜರಿ ಲಂಗದ ಹೆಣ್ಣುಮಕ್ಕಳು, ಅಜ್ಜಿಯರು, ಬೆಂಗಳೂರಿನಿಂದ ದಸರಾ ನೋಡಲು ಬಂದ ಸಂಸಾರಗಳು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಒಬ್ಬ ಪೊಲೀಸಿನವರು. ಕೆಲವರ ಕೈಯಲ್ಲಿ ಪೇಪರೂ ಇತ್ತು.

ಸಾವಿತ್ರಮ್ಮ ಅಡುಗೆಮನೆಯಲ್ಲಿದ್ದರು. ಒಲೆ ಮೇಲೆ ಸಣ್ಣ ಪಾತ್ರೆಯಲ್ಲಿ ಉಸ್ಲಿ. ಅವರಿಗೆ ಪೇಪರಿನ ವಿಷಯ ಆಗಲೇ ತಿಳಿದಿತ್ತು, ಯಾರೋ ಗೇಟಿನಲ್ಲೇ ಓದಿ ಹೇಳಿದ್ದರು. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ. ಅವರು ಬೈಯಲಿಲ್ಲ. ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು.

“ನೆನ್ಸಿದ್ದು ಇಷ್ಟೇ ಕಾಳು ಕಣವ್ವ. ಯಾರು ಬಂದಾರು ಅಂತ ಇಷ್ಟೇ ಹಾಕಿದ್ದೆ. ಈಗ ನೆನೆಯಾಕುದ್ರೆ ನಾಳೆ ಬೆಳಗ್ಗೆಗಾಯ್ತದೆ.”

“ನಾನೇ ಗೇಟಲ್ಲಿ ನಿಂತು, ಪೇಪರಲ್ಲಿ ತಪ್ಪಾಗಿ ಬಂದ್ಬುಟ್ಟಿದೆ, ಇವತ್ತು ಚರ್ಪು ಇಲ್ಲ ಅಂತ ಹೇಳ್ಬಿಡ್ತೀನಿ ಸಾವಿತ್ರಮ್ಮ.”

“ಗೊಂಬೆ ನೋಡಾಕ್ ಬಂದೋರ ಬರಿಗೈಲಿ ಕಳ್ಸದಾ? ಅಂಗ್ ಮಾಡೋ ಬದ್ಲು ಈಗ್ಲೇ ಗೊಂಬೆ ಇಳ್ಸಿ ಮೂಟೆ ಕಟ್ಬುಡದು ಮೇಲು.”

ಹಾಗೆಂದವರ ಕಣ್ಣು ತುಂಬಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ಮನೆಯ ಮರ್ಯಾದೆ, ಅಷ್ಟು ವರ್ಷದ ಗೊಂಬೆ, ನನ್ನ ಅವರ ನಂಟು, ಎಲ್ಲ ಆ ಸಣ್ಣ ಪಾತ್ರೆಯ ತಳದಲ್ಲಿ ಕೂತಿತ್ತು. ಸಾವಿತ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅದೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಹಿಂದಿನ ಬಾಗಿಲಿನಿಂದ ಹೊರಟು ಪಕ್ಕದ ಮನೆಯ ನಾಗರತ್ನಮ್ಮನ ಬಾಗಿಲು ತಟ್ಟಿದರು.

ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು. ನಾಗರತ್ನಮ್ಮನ ಮನೆಯವರು ಕಾರನ್ನು ಈ ಗೇಟಿಗೆ ಅಡ್ಡವಾಗಿ ನಿಲ್ಲಿಸುತ್ತಾರೆಂಬುದು ಜಗಳ. ಬಾಗಿಲು ತಟ್ಟಿದ ಕೈ ಕೆಳಗಿಳಿಯುವ ಮೊದಲೇ ತೆರೆಯಿತು. ಆಕೆ ಕಿಟಕಿಯಲ್ಲಿ ಎಲ್ಲವನ್ನೂ ನೋಡುತ್ತಲೇ ಇದ್ದರು.

“ಚರ್ಪು ಸಾಲ್ದು ಅಲ್ವಾ? ನೋಡ್ದಾಗ್ಲೇ ಅಂದ್ಕೊಂಡೆ. ನಮ್ಮಲ್ಲಿ ಅವಲಕ್ಕಿ ಅದೆ, ಬೆಲ್ಲ ಕಾಯಿ ಹಾಕಿ ಕಲ್ಸನ. ನಮ್ಮೋರ್ಗೆ ಹೇಳಿ ಕಾರು ತೆಗ್ಸುತೀನಿ, ಜನ ನಿಂತ್ಕಳಾಕೆ ಜಾಗ ಆಗ್ಲಿ.”

ವರ್ಷದ ಜಗಳ ಹಾಗೆ ಮುಗಿದುಹೋಯಿತು. ಆಮೇಲೆ ಬೀದಿಯೇ ಎದ್ದು ಬಂತು. ಒಬ್ಬರು ಹುರಿಗಡಲೆ ತಂದರು, ಒಬ್ಬರು ಕೊಬ್ಬರಿ ಗಿಟುಕು. ಹಬ್ಬಕ್ಕೆಂದು ಮಾಡಿಟ್ಟ ರವೆ ಉಂಡೆಯ ಡಬ್ಬವನ್ನು ಡಬ್ಬದ ಸಮೇತ ಕೊಟ್ಟವರೂ ಇದ್ದರು. ನಮ್ಮನೆಯವರನ್ನು ಕಳ್ಳೆಪುರಿಗೆ ಓಡಿಸಿದೆ. ಅವರು ಸ್ಕೂಟರಿನ ಮುಂದೆ ಒಂದು ಮೂಟೆ ಇಟ್ಟುಕೊಂಡು, ಮೂಟೆಯ ಮೇಲೆ ಗಲ್ಲ ಊರಿಕೊಂಡು ಬಂದರು. ಬಂದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಗೊಂಬೆಯ ಮೆಟ್ಟಿಲಿನ ದೀಪದ ಸರ ಆರಿಹೋಗಿತ್ತು, ಅದನ್ನು ಸರಿ ಮಾಡಿದರು, ಅವಸರಕ್ಕೆ ನಿಂತುಹೋದ ಮಿಕ್ಸಿಯನ್ನೂ ಬಿಚ್ಚಿ ಕೂತರು.

ಪುರಿಗೆ ಒಗ್ಗರಣೆ ಹಾಕುವುದು ನನ್ನ ಪಾಲಿಗೆ ಬಂತು. ಊರ ಅಡುಗೆಯನ್ನೆಲ್ಲ ಅಳೆದು ತೂಗಿ ಬರೆದವಳು, ಗಡಿಬಿಡಿಯಲ್ಲಿ ಸಾಸಿವೆ ಸೀಯಿಸಿಬಿಟ್ಟೆ. ನಾಗರತ್ನಮ್ಮ ಬಾಣಲೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು.

“ಭಾನ್ವಾರ ಭಾನ್ವಾರ ಬರೆಯೋರು ನೀವೇನಾ? ನೀವು ಬರ್ದಿದ್ದ ಪೇಪರಿಂದ ಕತ್ತರಿಸಿ ಇಟ್ಕೊಂಡಿವ್ನಲ್ಲ ನಾನು. ಹೋಗಿ ಕಾಯಿ ತುರೀರಿ.”

ಅಡುಗೆಮನೆಯಲ್ಲಿದ್ದವರೆಲ್ಲ ನಕ್ಕರು. ಸಾವಿತ್ರಮ್ಮನ ಮುಖದಲ್ಲಿ ಅವತ್ತು ಮೊದಲ ಸಲ ನಗು ಕಂಡದ್ದು ಆಗಲೇ. ನನ್ನ ಮಾನ ಹೋದದ್ದಕ್ಕೆ ನನಗೆ ಅಷ್ಟೊಂದು ಖುಷಿ ಹಿಂದೆಂದೂ ಆಗಿರಲಿಲ್ಲ.

ಆದರೂ ಹೊರಗೆ ಜನ ಬರುತ್ತಿದ್ದ ವೇಗಕ್ಕೆ ಒಳಗಿನ ಒಲೆ ಸಾಲುತ್ತಿರಲಿಲ್ಲ. ಆಗ ಸಾವಿತ್ರಮ್ಮ ಹಳೆಯ ನಿಯಮವನ್ನು ಕೈಗೆತ್ತಿಕೊಂಡರು. ನಡುಮನೆಗೆ ಹೋಗಿ ಗೊಂಬೆಗಳ ಪಕ್ಕ ನಿಂತು, “ಹಾಡ್ ಹೇಳ್ದೋರಿಗೆ ಚರ್ಪು. ಸುಮ್ನೆ ನೋಡ್ಕಂಡು ಕೈ ಚಾಚಂಗಿಲ್ಲ, ದೊಡ್ಡೋರ್ಗೂ ಅಷ್ಟೇಯ” ಎಂದು ಸಾರಿದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಅಜ್ಜಿ ಮುಂದೆ ಬಂದು ತಾವು ಲಂಗ ಉಡುತ್ತಿದ್ದಾಗ ಕಲಿತ ಹಾಡನ್ನು ಹೇಳಿದರು. ನಡುವೆ ಸಾಲು ಮರೆತಾಗ ಹಿಂದೆ ನಿಂತ ಇನ್ನೊಬ್ಬ ಅಜ್ಜಿ ಎತ್ತಿಕೊಂಡರು. ಬೆಂಗಳೂರಿನ ಎರಡು ಮಕ್ಕಳಿಗೆ ಹಾಡು ಬಾರದು, ಏಳರ ಮಗ್ಗಿ ಒಪ್ಪಿಸಿದವು. ಅದೂ ನಡೆಯುತ್ತದೆಂದು ಸಾವಿತ್ರಮ್ಮ ತೀರ್ಪು ಕೊಟ್ಟರು. ಪೊಲೀಸಿನವರು ಬಹಳ ಹೊತ್ತು ನಾಚಿಕೊಂಡು, ಕೊನೆಗೆ ತಮ್ಮ ಮಗುವಿನ ತೊಟ್ಟಿಲಿಗೆ ಹಾಡುವ ಜೋಗುಳ ಹಾಡಿದರು. ಹೆಗಲ ಮೇಲಿದ್ದ ಮಗು ಅಲ್ಲೇ ನಿದ್ದೆ ಹೋಯಿತು. ಎರಡು ಹಾಡಿನ ನಡುವೆ ಒಂದು ತಟ್ಟೆ ಅವಲಕ್ಕಿ ಬರುತ್ತಿತ್ತು, ಒಂದು ಮೊರ ಪುರಿ ಬರುತ್ತಿತ್ತು. ಪ್ರತಿಯೊಬ್ಬರ ಮುಷ್ಟಿಯೂ ತುಂಬಿತು. ನಾನು ಕಾಯಿ ತುರಿಯುತ್ತಾ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಆ ಮನೆಯ ಗೊಂಬೆಗಳನ್ನು ನಾನು ಪ್ರತಿ ವರ್ಷ ನೋಡಿದ್ದರೂ ಅವುಗಳ ಎದುರು ಅಷ್ಟು ಜನ ನಿಂತದ್ದನ್ನು ಕಂಡಿರಲಿಲ್ಲ.

ಜನ ಕರಗುವ ಹೊತ್ತಿಗೆ ಬಸವರಾಜ ಬಂದ. ಗೇಟಿನಲ್ಲಿ ಯಾರೋ ಅವನಿಗೆ ವಿಷಯ ತಿಳಿಸಿರಬೇಕು, ಮುಖ ಬಿಳಿಚಿಕೊಂಡಿತ್ತು. ಅವನಾರೆಂದು ಸಾವಿತ್ರಮ್ಮನಿಗೆ ಗೊತ್ತಿಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ, “ಮೊದ್ಲು ಹಾಡಪ್ಪ, ಮಾತು ಆಮ್ಯಾಲೆ” ಎಂದರು. ಹುಡುಗ ನನ್ನ ಕಡೆ ನೋಡಿದ. ನಾನು ತುರಿಮಣೆ ಬಿಟ್ಟು ಏಳಲಿಲ್ಲ. ಅವನು ಕೈಕಟ್ಟಿಕೊಂಡು, ಕಣ್ಣು ಮುಚ್ಚಿ, ಅವರ ಊರ ಹೆಂಗಸರು ಬೀಸುವಾಗ ಹೇಳುವ ಪದವೊಂದನ್ನು ಎತ್ತಿದ. ದನಿ ಚೆನ್ನಾಗಿತ್ತು. ನಾಗರತ್ನಮ್ಮ ಸೌಟು ಹಿಡಿದುಕೊಂಡೇ ನಡುಮನೆಗೆ ಬಂದು ನಿಂತರು. ಬೀದಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ಸೇರಿದರು.

“ಯಾರ ಮಗನಪ್ಪ ನೀನು, ಯಾವೂರು?” ಎಂದು ಸಾವಿತ್ರಮ್ಮ ಕೇಳಿದರು.

“ಅಮ್ಮಾರ, ಪೇಪರಿನ್ಯಾಗ ನಿಮ್ಮ ಮನಿ ವಿಳಾಸ ಹಾಕ್ದಾವ ನಾನ ರೀ. ಮೇಡಂದೇನೂ ತಪ್ಪಿಲ್ರಿ. ನಮ್ಮ ಕಡೆ ಈ ಗೊಂಬಿ ಪದ್ಧತಿ ಇಲ್ರಿ, ನಂಗ ತಿಳೀಲಿಲ್ಲ. ಹುಡುಗ್ರು ಬರ್ಲಿ, ನಿಮಗ ಖುಷಿ ಆಗ್ಲಿ ಅಂತ ಹಾಕ್ದೆ. ನಿಮಗ ಇಷ್ಟ್ ತ್ರಾಸ ಆಗ್ತೈತಿ ಅಂತ ಗೊತ್ತಿದ್ರ ಹಾಕ್ತಿರ್ಲಿಲ್ರಿ.”

ಸಾವಿತ್ರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಗೊಂಬೆಗಳ ಕಡೆ ತಿರುಗಿ, ನೂಕುನುಗ್ಗಲಿನಲ್ಲಿ ವಾಲಿದ್ದ ರಾಣಿಯನ್ನು ನೆಟ್ಟಗೆ ನಿಲ್ಲಿಸಿದರು. ಒಳಗೆ ಹೋಗಿ ಪಾತ್ರೆಯ ತಳದಲ್ಲಿ ಉಳಿದಿದ್ದ ಉಸ್ಲಿಯನ್ನೆಲ್ಲ ಬಳಿದುಕೊಂಡು ಬಂದು ಅವನ ಎರಡೂ ಕೈ ಸೇರಿಸಿ ಹಾಕಿದರು.

“ತಿನ್ನಪ್ಪ. ಮುಂದಿನ ವರ್ಷ ಪೇಪರ್ಗೆ ಹಾಕೋದಾದ್ರೆ ಒಂದಿನ ಮುಂಚಿತ್ವಾಗಿ ಬಂದು ಹೇಳೋಗು. ಕಾಳು ನೆನೆಯಾಕ್ಬೇಕು.”